ಪಟ್ಟಿಯಲ್ಲಿದ್ದ ಹೆಸರುಗಳು: ಪುನರುತ್ಥಾನದ ಚರ್ಚೆಯೊಂದರ ಪ್ರಕರಣ ಅಧ್ಯಯನ

ಯೇಸುವಿನ ಪುನರುತ್ಥಾನಕ್ಕೆ, ಅಂದರೆ ಆತ ಸತ್ತು ಮತ್ತೆ ಎದ್ದದ್ದಕ್ಕೆ, ಇತಿಹಾಸದ ಆಧಾರ ಇದೆಯೇ ಎಂಬ ಪ್ರಶ್ನೆ ಮೈಸೂರಿನ ನಮ್ಮ ಓದುಗರ ಬಳಗಕ್ಕೆ ಬಂದದ್ದು ಒಂದು ಮನೆಯೊಳಗಿನ ವಾದದಿಂದ. ಕೇಳಿದವನು ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದ ಹುಡುಗ. ಅವನ ಸೋದರಮಾವ ವಕೀಲರು, ಸಿ.ಎಸ್.ಐ. ಕ್ರೈಸ್ತ ಸಭೆಗೆ ಸೇರಿದವರು, ಸತ್ಯವೇದವನ್ನು (ಬೈಬಲನ್ನು) ಬಾಲ್ಯದಿಂದ ಓದಿಕೊಂಡು ಬಂದವರು. ಈಸ್ಟರ್ ಮುಗಿದ ವಾರ ಊಟದ ಹೊತ್ತಿನಲ್ಲಿ ಹುಡುಗ ಕೇಳಿದನಂತೆ: “ಮಾವ, ನಂಬಿಕೆಯ ಮಾತು ಬೇರೆ. ತರಗತಿಯಲ್ಲಿ ಯಾರಾದರೂ ಆಧಾರ ಕೇಳಿದರೆ ನಾನು ಯಾವ ದಾಖಲೆ ತೋರಿಸಲಿ?” ಮಾವ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಹೆಸರು ಹೇಳಿದರು. ಹುಡುಗ ಒಪ್ಪಲಿಲ್ಲ. ಅವನಿಗೆ ಶಾಸನ ಓದುವುದನ್ನು ಕಲಿಸಿದ್ದ ಮಂಡ್ಯ ಕಡೆಯ ನಿವೃತ್ತ ಇತಿಹಾಸ ಮೇಷ್ಟ್ರು ನಮ್ಮ ಬಳಗದ ಹಿರಿಯ ಸದಸ್ಯರು. ವಕೀಲರೂ ಬಳಗದವರೇ. ಹಾಗಾಗಿ ಮನೆಯ ಮಾತು ಸಭೆಗೆ ಬಂತು.

ಬಳಗದ ಸಭೆಗಳ ಟಿಪ್ಪಣಿ ಬರೆದಿಡುವ ಕೆಲಸ ನನ್ನದು. ಧರ್ಮದ ವಿಷಯ ಬಂದಾಗ ನಮ್ಮಲ್ಲಿ ಎರಡೇ ಬಗೆಯ ನಡವಳಿಕೆ ಕಾಣುತ್ತದೆ: ಒಂದೋ ಸೌಜನ್ಯಕ್ಕಾಗಿ ಬಾಯಿ ಮುಚ್ಚಿಕೊಳ್ಳುವುದು, ಇಲ್ಲವೇ ಜಗಳ. ಕೋಟಿಗಟ್ಟಲೆ ಜನ ಪ್ರಾಣಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡಿರುವ ಒಂದು ಮಾತನ್ನು ಬೆಳಕಿಗೆ ಹಿಡಿದು ನೋಡುವ ಹಕ್ಕು ನಂಬುವವರಿಗೂ ಇದೆ, ನಂಬದವರಿಗೂ ಇದೆ. ಹಾಗೆ ನೋಡಲು ಬೇಕಾದ ಕ್ರಮ ಯಾವುದು ಎಂಬುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣಿಸಿತು. ಅದಕ್ಕಾಗಿಯೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲ ಸಭೆ

ವಕೀಲರು ಕೋರ್ಟಿಗೆ ಹೋಗುವಷ್ಟೇ ತಯಾರಿ ಮಾಡಿಕೊಂಡು ಬಂದಿದ್ದರು. ನಾಲ್ಕು ಸುವಾರ್ತೆಗಳೆಂದರೆ ನಾಲ್ಕು ಸಾಕ್ಷಿಗಳು ಎಂಬುದು ಅವರ ವಾದದ ಬುಡ. ಸಾಕ್ಷಿಗಳ ಹೇಳಿಕೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದರೆ ನ್ಯಾಯಾಧೀಶರು ಅದನ್ನು ತಳ್ಳಿಹಾಕುವುದಿಲ್ಲ. ಎಲ್ಲರೂ ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ ಮಾತ್ರ ಹೇಳಿಕೊಟ್ಟ ಸಾಕ್ಷ್ಯವೆಂಬ ಅನುಮಾನ ಬರುತ್ತದೆ ಎಂದರು. ಅಮೆರಿಕದ ಹಾರ್ವರ್ಡ್‌ನಲ್ಲಿ ಕಾನೂನು ಕಲಿಸುತ್ತಿದ್ದ ಸೈಮನ್ ಗ್ರೀನ್‌ಲೀಫ್ 1846ರಲ್ಲಿಯೇ ಸುವಾರ್ತೆಗಳನ್ನು ಸಾಕ್ಷ್ಯಶಾಸ್ತ್ರದ ನಿಯಮಗಳಿಂದ ಪರೀಕ್ಷಿಸಿ ನಂಬಲರ್ಹವೆಂದು ವಾದಿಸಿದ್ದನ್ನು ಉದಾಹರಿಸಿದರು. ಕೊನೆಗೆ 1872ರ ಸಾಕ್ಷ್ಯ ಅಧಿನಿಯಮದ 90ನೇ ಕಲಮನ್ನು ತೆಗೆದರು: ಮೂವತ್ತು ವರ್ಷಕ್ಕಿಂತ ಹಳೆಯ ದಸ್ತಾವೇಜು ಸರಿಯಾದ ವಶದಿಂದ ಬಂದಿದ್ದರೆ ನ್ಯಾಯಾಲಯ ಅದನ್ನು ನೈಜವೆಂದು ಭಾವಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಮುಂದುವರಿದಿದೆ. ಕ್ರೈಸ್ತ ಸಭೆಯ ಸಂಪ್ರದಾಯಕ್ಕಿಂತ ಒಳ್ಳೆಯ ವಶ ಬೇರೆ ಯಾವುದಿದೆ ಎಂಬುದು ಅವರ ಪ್ರಶ್ನೆ.

ಮೇಷ್ಟ್ರು ಪಾಟೀ ಸವಾಲಿಗೆ ಇಳಿದರು. ಆ ಕಲಂ ಸಹಿಯ, ಕೈಬರಹದ ಬಗ್ಗೆ ಊಹಿಸಲು ಅವಕಾಶ ಕೊಡುತ್ತದೆಯೇ ಹೊರತು ಒಳಗೆ ಬರೆದದ್ದೆಲ್ಲ ನಿಜವೆಂದು ಹೇಳುವುದಿಲ್ಲ. ಸುವಾರ್ತೆಗಳಲ್ಲಂತೂ ಬರೆದವರ ಸಹಿಯೇ ಇಲ್ಲ ಎಂದರು. ಬೆಳಗಿನ ಜಾವ ಸಮಾಧಿಗೆ ಹೋದವರು ಮಾರ್ಕನಲ್ಲಿ ಮೂವರು, ಮತ್ತಾಯನಲ್ಲಿ ಇಬ್ಬರು, ಯೋಹಾನನಲ್ಲಿ ಹೆಸರಿಟ್ಟು ಹೇಳಿದ್ದು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳೊಬ್ಬಳನ್ನು. ಅಲ್ಲಿ ಕಂಡದ್ದು ಒಬ್ಬ ಯುವಕನೋ, ಒಬ್ಬ ದೇವದೂತನೋ, ಇಬ್ಬರು ಪುರುಷರೋ? ಶಿಷ್ಯರು ಗಲಿಲಾಯಕ್ಕೆ ಹೋಗಿ ಕಂಡರೋ, ಲೂಕ ಹೇಳುವಂತೆ ಯೆರೂಸಲೇಮಿನಲ್ಲಿಯೇ ಕಂಡರೋ? ಯೇಸು ಸತ್ತಾಗ ಸಮಾಧಿಗಳು ತೆರೆದು ಅನೇಕ ಭಕ್ತರು ಎದ್ದು, ಆತನ ಪುನರುತ್ಥಾನದ ಮೇಲೆ ಪಟ್ಟಣದಲ್ಲಿ ಕಾಣಿಸಿಕೊಂಡರೆಂದು ಮತ್ತಾಯ ಬರೆಯುತ್ತಾನೆ. ಅಷ್ಟು ದೊಡ್ಡ ಸಂಗತಿಯನ್ನು ಇನ್ನಾರೂ ಬರೆದಿಲ್ಲವೇಕೆ? ಪವಾಡದ ಸಾಕ್ಷ್ಯವನ್ನು ಕುರಿತು ಡೇವಿಡ್ ಹ್ಯೂಮ್ 1748ರಲ್ಲಿ ಎತ್ತಿದ ಆಕ್ಷೇಪವನ್ನೂ ಸೇರಿಸಿದರು: ಪ್ರಕೃತಿಯ ನಿಯಮ ಮುರಿಯಿತು ಎಂಬುದಕ್ಕಿಂತ ಹೇಳಿದವರು ತಪ್ಪಿದರು ಎಂಬುದೇ ಯಾವಾಗಲೂ ಹೆಚ್ಚು ಸಂಭವನೀಯ.

ಹಿಂದಿನ ಸಾಲಿನಿಂದ ಯಾರೋ “ಕಟ್ಟುಕಥೆ” ಎಂದರು. ವಕೀಲರ ಮುಖ ಕೆಂಪಾಯಿತು. “ನನ್ನ ತಾಯಿಯನ್ನು ಮಣ್ಣು ಮಾಡುವಾಗ ನಾವು ಓದಿದ ಮಾತು ಇದು, ಸ್ವಲ್ಪ ನೋಡಿ ಮಾತನಾಡಿ” ಎಂದು ಕಾಗದಗಳನ್ನು ಜೋಡಿಸಿಕೊಂಡು ಹೊರಟರು. ಸಭೆ ಅಲ್ಲಿಗೆ ನಿಂತಿತು.

ಕೆಟ್ಟದ್ದು ಆ ಒಂದು ಮಾತಿನಿಂದ ಎಂದು ಬಳಗದಲ್ಲಿ ಹಲವರ ಅಭಿಪ್ರಾಯ. ನನ್ನ ಅಭಿಪ್ರಾಯ ಬೇರೆ. ವಕೀಲರು ಸುವಾರ್ತೆಗಳ ಮೇಲೆ ಮನೆ ಕಟ್ಟಿದ್ದರು, ಮೇಷ್ಟ್ರು ಅದೇ ಸುವಾರ್ತೆಗಳಲ್ಲಿ ಬಿರುಕು ತೋರಿಸಿ ಕೆಲಸ ಮುಗಿಯಿತೆಂದುಕೊಂಡರು. ಇಬ್ಬರೂ ತಡವಾಗಿ ಬಂದ ದಾಖಲೆಗಳನ್ನು ಮುಂದಿಟ್ಟುಕೊಂಡು ಎಲ್ಲಕ್ಕಿಂತ ಹಳೆಯದನ್ನು ಮುಟ್ಟಲೇ ಇಲ್ಲ. ಯಾವುದಾದರೂ ಹಾಳು ಗುಡಿಯಲ್ಲಿ ಒಂದು ಕಲ್ಲು ಸಿಕ್ಕರೆ ಮೊದಲು ಅದರ ಲಿಪಿ ನೋಡಿ ಕಾಲ ನಿರ್ಧರಿಸುವ ಮೇಷ್ಟ್ರು, ಅಂದು ತಮ್ಮ ಕಸುಬಿನ ಮೊದಲ ಪಾಠವನ್ನೇ ಬಿಟ್ಟಿದ್ದರು.

ಕಾಲಾನುಕ್ರಮದ ಹಾಳೆ

ಅದನ್ನು ಸರಿಪಡಿಸಿದವನು ಹುಡುಗ. ಎರಡನೆಯ ಸಭೆಗೆ ಅವನು ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ಗೋಡೆಗೆ ಅಂಟಿಸಿದ. ಎಡದ ಅಂಚಿನಲ್ಲಿ ಇಸವಿಗಳು, ಎದುರಿಗೆ ದಾಖಲೆಗಳು, ಕೊನೆಯ ಕಾಲಂನಲ್ಲಿ ಒಂದೇ ಪ್ರಶ್ನೆ: “ಬರೆದವನು ಯಾರಿಂದ ಕೇಳಿದ?” ಮಾವನನ್ನು ಅವನೇ ಮನವೊಲಿಸಿ ಕರೆತಂದಿದ್ದ.

ಹಾಳೆಯ ಮೇಲ್ತುದಿಯಲ್ಲಿ ಶಿಲುಬೆಯ ಮರಣ: ಕ್ರಿ.ಶ. 30 ಅಥವಾ 33. ಯೇಸುವಿಗೆ ಆ ಶಿಕ್ಷೆ ವಿಧಿಸಿದ ಪಿಲಾತ ಯೂದಾಯದ ರೋಮನ್ ಅಧಿಕಾರಿಯಾಗಿದ್ದದ್ದು 26ರಿಂದ 36ರವರೆಗೆ. 1961ರಲ್ಲಿ ಕೈಸರೈಯದಲ್ಲಿ ಸಿಕ್ಕ ಕಲ್ಲಿನ ಮೇಲೆ ಅವನ ಹೆಸರಿದೆ ಎಂಬುದನ್ನು ಕೇಳಿ ಮೇಷ್ಟ್ರ ಮುಖ ಅರಳಿತು. ಕೆಳಗೆ ಬಂದರೆ ಮಾರ್ಕ ಸುಮಾರು 70. ಮತ್ತಾಯ ಮತ್ತು ಲೂಕ ಅದಾದ ಹತ್ತು ಇಪ್ಪತ್ತು ವರ್ಷಗಳಲ್ಲಿ. ಯೋಹಾನ ಮೊದಲ ಶತಮಾನದ ಕೊನೆಗೆ. ಯೆಹೂದಿ ಇತಿಹಾಸಕಾರ ಜೋಸೆಫಸ್ 93–94ರ ಹೊತ್ತಿಗೆ. ರೋಮಿನ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ. ಬಹುತೇಕ ವಿದ್ವಾಂಸರು ಒಪ್ಪುವ ಕಾಲಗಣನೆ ಇದು. ಮರಣಕ್ಕೂ ಮಾರ್ಕನಿಗೂ ನಡುವಿನ ಜಾಗದಲ್ಲಿ ಹುಡುಗ ಕೆಂಪು ಶಾಯಿಯಿಂದ ಬರೆದಿದ್ದ: “ಕೊರಿಂಥದವರಿಗೆ ಪೌಲನ ಮೊದಲನೆಯ ಪತ್ರಿಕೆ, ಸುಮಾರು 54. ಅಧ್ಯಾಯ 15.”

ಆ ಅಧ್ಯಾಯವನ್ನು ಗಟ್ಟಿಯಾಗಿ ಓದಲಾಯಿತು. ಪೌಲ ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಕ್ರಿಸ್ತನನ್ನು ಸಾರಿದವನು. ತಾನು ಪಡೆದುಕೊಂಡದ್ದನ್ನೇ ನಿಮಗೆ ಒಪ್ಪಿಸಿದೆ ಎಂದು ಅವನು ಶುರುಮಾಡುತ್ತಾನೆ. ಕ್ರಿಸ್ತ ಸತ್ತನು, ಹೂಣಿಡಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು. ಕೇಫನಿಗೆ (ಅಂದರೆ ಪೇತ್ರನಿಗೆ) ಕಾಣಿಸಿಕೊಂಡನು, ಆಮೇಲೆ ಹನ್ನೆರಡು ಮಂದಿಗೆ, ಆಮೇಲೆ ಒಂದೇ ಸಮಯದಲ್ಲಿ ಐನೂರಕ್ಕಿಂತ ಹೆಚ್ಚು ಸಹೋದರರಿಗೆ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ, ಆಮೇಲೆ ಯಾಕೋಬನಿಗೆ, ಎಲ್ಲ ಅಪೊಸ್ತಲರಿಗೆ, ಎಲ್ಲರ ಕೊನೆಗೆ ನನಗೂ. ಓದು ಮುಗಿದ ಮೇಲೆ ಹುಡುಗ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ತೆರೆದ. ಮನಸ್ಸು ತಿರುಗಿ ಮೂರು ವರ್ಷವಾದ ಮೇಲೆ ಯೆರೂಸಲೇಮಿಗೆ ಹೋಗಿ ಕೇಫನ ಬಳಿ ಹದಿನೈದು ದಿನ ಇದ್ದೆ, ಕರ್ತನ ಸಹೋದರನಾದ ಯಾಕೋಬನನ್ನೂ ಕಂಡೆ ಎಂದು ಪೌಲ ಅಲ್ಲಿ ಬರೆಯುತ್ತಾನೆ. ಅಂದರೆ ಪಟ್ಟಿಯ ಇಬ್ಬರು ಮುಖ್ಯ ವ್ಯಕ್ತಿಗಳನ್ನು ಪಟ್ಟಿ ಬರೆದವನು, ಘಟನೆಯಾದ ಕೆಲವೇ ವರ್ಷಗಳಲ್ಲಿ, ಮುಖಾಮುಖಿ ಕಂಡಿದ್ದ. ಈ ಎರಡೂ ಪತ್ರಗಳು ಪೌಲನವೇ ಎಂಬುದನ್ನು ಕಟ್ಟಾ ಸಂದೇಹವಾದಿ ವಿದ್ವಾಂಸರೂ ಒಪ್ಪುತ್ತಾರೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹಾಳೆಯ ಹತ್ತಿರ ಹೋದರು. “ನಮಗೆ ಸಿಕ್ಕಿರುವ ಪ್ರತಿ ಯಾವ ಕಾಲದ್ದು?” ಎಂದರು. ಪೌಲನ ಪತ್ರಗಳಿರುವ ಪಪೈರಸ್ ಸಂಪುಟವೊಂದು ಸುಮಾರು 200ರದು ಎಂದ ಹುಡುಗ. “ಹಾಗಾದರೆ ಪ್ರತಿ ತಡವಾದದ್ದು, ಪಾಠ ಸಮಕಾಲೀನ. ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆದ ಕಥೆ ಎಂದುಕೊಂಡಿದ್ದೆನಲ್ಲ, ಅದು ನಿಲ್ಲುವುದಿಲ್ಲ ವಕೀಲರೇ. ಕಂಡೆವು ಎಂಬ ಮಾತು ಮೊದಲಿನಿಂದಲೂ ಇತ್ತು.”

ವಕೀಲರು ಗೆದ್ದೆನೆಂದು ಬೀಗಲಿಲ್ಲ. ಬದಲಿಗೆ ತಮ್ಮ ಕಡತದಿಂದ ಎರಡು ಕಾಗದ ಹೊರಗಿಟ್ಟರು. ಮೊದಲ ಸಭೆಯಲ್ಲಿ ಅವರು ಮಾರ್ಕ 16ನೇ ಅಧ್ಯಾಯದ ಕೊನೆಯ ವಚನಗಳನ್ನು ಹೇಳಿದ್ದರು. ನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಮಾರ್ಕನ ಸುವಾರ್ತೆ ಎಂಟನೆಯ ವಚನಕ್ಕೇ ಮುಗಿಯುತ್ತದೆ: ಹೆಂಗಸರು ನಡುಗುತ್ತಾ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಹನ್ನೆರಡು ವಚನಗಳು ಆಮೇಲೆ ಸೇರಿದವು. ಇನ್ನೊಂದು ಕಾಗದ ಜೋಸೆಫಸ್‌ನದು. ಯೇಸು ಮೂರನೆಯ ದಿನ ಜೀವಂತವಾಗಿ ಕಾಣಿಸಿಕೊಂಡನೆಂಬ ಸಾಲು ಅವನ ಗ್ರಂಥದಲ್ಲಿದೆ, ಆದರೆ ಆ ಭಾಗಕ್ಕೆ ಕ್ರೈಸ್ತ ಲಿಪಿಕಾರರ ಕೈ ಸೋಕಿದೆ ಎಂಬುದೇ ಬಹುಮತ. “ಕಳಂಕವಿರುವ ಸಾಕ್ಷಿಯನ್ನು ಕಟಕಟೆ ಹತ್ತಿಸುವುದಿಲ್ಲ” ಎಂದು ವಕೀಲರು ಅದನ್ನು ಕೈಬಿಟ್ಟರು. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟ, ಅಂದರೆ ನಕಲಿ, ಎಂದು ಶಾಸನತಜ್ಞ ಫ್ಲೀಟ್ ಹೇಳಿದ್ದು, ಬಿ.ಎಲ್. ರೈಸ್ ಒಪ್ಪದೇ ಇದ್ದದ್ದು ಮೇಷ್ಟ್ರಿಗೆ ಕರತಲಾಮಲಕ. ಸೇರಿಸಿದ ಸಾಲೊಂದು ಇದ್ದ ಮಾತ್ರಕ್ಕೆ ಇಡೀ ಪಟ ಸುಳ್ಳಾಗುವುದಿಲ್ಲ ಎಂದು ಅವರೇ ವಕೀಲರ ಪರವಾಗಿ ಮಾತನಾಡಿದರು. ಸಭೆಯ ಹದ ಬದಲಾದದ್ದು ಆ ಕ್ಷಣದಲ್ಲಿ.

ವೀರಗಲ್ಲಿನ ಮೇಲಿನ ಪಟ್ಟಿಕೆ

ಇಷ್ಟಾದ ಮೇಲೆ ಮೇಷ್ಟ್ರು ತಮ್ಮ ಬಲವಾದ ವಾದವನ್ನು ತೆಗೆದರು. ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಭಾಗ ಇದು.

ಅವರು ಆರಿಸಿಕೊಂಡದ್ದು ತಮ್ಮದೇ ಜಿಲ್ಲೆಯ ಕಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗ ದೊರೆ ಬೂತುಗನಿಂದ ಅವನ ಸೇವಕ ಮಣಲೇರ ಆ ನಾಯಿಯನ್ನು ಕೇಳಿ ಪಡೆದ. ಅದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಮಾತೂ ಇದೆ, ಚೋಳ ರಾಜಾದಿತ್ಯನ ಸಾವೂ ಇದೆ. ಇತಿಹಾಸಕಾರ ಇದನ್ನು ಒಪ್ಪುತ್ತಾನೆ, 949ರ ಯುದ್ಧಕ್ಕೆ ಆಧಾರವಾಗಿ ಬಳಸುತ್ತಾನೆ. ಈಗ ಬೇರೆ ವೀರಗಲ್ಲುಗಳನ್ನು ನೋಡಿ ಎಂದರು ಮೇಷ್ಟ್ರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿದ್ದಾನೆ. “ತುರುಗೊಳ್ ಕಾಳಗ ನಡೆಯಿತು ಎಂದು ನಾನು ಬರೆಯುತ್ತೇನೆ. ಅಪ್ಸರೆಯರು ಬಂದರು ಎಂದು ಬರೆಯುವುದಿಲ್ಲ. ಹಾಗೆಂದು ಕಲ್ಲುಕುಟಿಗನನ್ನು ಸುಳ್ಳುಗಾರ ಎನ್ನುವುದೂ ಇಲ್ಲ. ಆ ಊರಿನವರ ನಂಬಿಕೆಯನ್ನು ಅವನು ಕೆತ್ತಿದ. ಶಿಲುಬೆ ಕೆಳಗಿನ ಪಟ್ಟಿಕೆ, ಪುನರುತ್ಥಾನ ಮೇಲಿನದು. ನನ್ನ ಊರಿನ ಕಲ್ಲಿಗೆ ಒಂದು ನ್ಯಾಯ, ಯೆರೂಸಲೇಮಿಗೆ ಒಂದು ನ್ಯಾಯ ಮಾಡಲಾರೆ ವಕೀಲರೇ.”

ಸಭೆಯಲ್ಲಿ ಹಲವರು ತಲೆದೂಗಿದರು. ವಕೀಲರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: “ಮೇಷ್ಟ್ರೇ, ನೀವು ನೋಡಿದ ವೀರಗಲ್ಲುಗಳಲ್ಲಿ ಒಂದಾದರೂ ‘ಅಪ್ಸರೆಯರನ್ನು ಇಂಥಿಂಥವರು ಕಂಡರು, ಅವರು ಇನ್ನೂ ಬದುಕಿದ್ದಾರೆ’ ಎಂದು ಹೇಳುತ್ತದೆಯೇ?”

ಮೇಷ್ಟ್ರು ಇಲ್ಲವೆಂದರು.

“ಅಲ್ಲಿಗೆ ಹೋಲಿಕೆ ಮುರಿಯಿತು. ಮೇಲಿನ ಪಟ್ಟಿಕೆ ಗೌರವದ ರೂಪ. ಕಂಡವರ ಹೆಸರು ಅದಕ್ಕೆ ಬೇಕಿಲ್ಲ, ಯಾರೂ ಕೇಳುವುದಿಲ್ಲ. ಪೌಲ ಹೆಸರು ಕೊಡುತ್ತಾನೆ. ಆ ಹೆಸರಿನವರು ನಡೆದಾಡುತ್ತಿರುವಾಗ ಕೊಡುತ್ತಾನೆ. ಯಾಕೋಬನನ್ನೇ ತೆಗೆದುಕೊಳ್ಳಿ. ಯೇಸು ಬದುಕಿದ್ದಾಗ ಅವನ ತಮ್ಮಂದಿರು ನಂಬಲಿಲ್ಲ ಎಂದು ಯೋಹಾನನೇ ಬರೆದಿದ್ದಾನೆ. ಅದೇ ಯಾಕೋಬ ಆಮೇಲೆ ಯೆರೂಸಲೇಮಿನ ಕ್ರೈಸ್ತ ಸಭೆಗೆ ಮುಖಂಡನಾದ, ಸುಮಾರು 62ರಲ್ಲಿ ಕಲ್ಲೆಸೆತಕ್ಕೆ ಗುರಿಯಾದ. ಇದನ್ನು ಹೇಳುವುದು ಸುವಾರ್ತೆಯಲ್ಲ, ಜೋಸೆಫಸ್. ಆ ಭಾಗದ ಬಗ್ಗೆ ತಕರಾರು ಎತ್ತುವವರು ವಿರಳ. ಇವನು ಬದಲಾದದ್ದಕ್ಕೆ ಏನೋ ಒಂದು ಕಾರಣ ಇರಬೇಕಲ್ಲ?”

ನನಗೆ ಈ ಉತ್ತರ ಸರಿ ಎನಿಸುತ್ತದೆ. ವೀರಗಲ್ಲಿನ ಹೋಲಿಕೆ ಚೆಂದವಾಗಿದೆ, ನಮ್ಮ ನೆಲದ್ದು ಎಂಬ ಕಾರಣಕ್ಕೆ ಮನಸ್ಸನ್ನು ಬೇಗ ಗೆಲ್ಲುತ್ತದೆ, ಆದರೆ ಮುಖ್ಯ ಜಾಗದಲ್ಲಿಯೇ ಹೊಂದುವುದಿಲ್ಲ. ಮೇಷ್ಟ್ರೂ ಇದನ್ನು ಒಪ್ಪಿದರು. ಆದರೆ ಅಲ್ಲಿಗೆ ಸುಮ್ಮನಾಗಲಿಲ್ಲ. ಹೆಸರಿನ ಪಟ್ಟಿ ಕಂಡವರು ಯಾರೆಂದು ಹೇಳುತ್ತದೆ, ಕಂಡದ್ದು ಹೇಗೆಂದು ಹೇಳುವುದಿಲ್ಲ ಎಂದರು. ಪೌಲ ತನ್ನನ್ನೂ ಅದೇ ಸಾಲಿಗೆ ಸೇರಿಸಿಕೊಂಡಿದ್ದಾನೆ. ದಮಸ್ಕದ ದಾರಿಯಲ್ಲಿ ಅವನಿಗೆ ಆದದ್ದು ಬೆಳಕು ಮತ್ತು ಧ್ವನಿ ಎಂದು ಸತ್ಯವೇದದ ‘ಅಪೊಸ್ತಲರ ಕೃತ್ಯಗಳು’ ಪುಸ್ತಕ ವರ್ಣಿಸುತ್ತದೆ. ಉಳಿದವರು ಕಂಡದ್ದೂ ಅದೇ ಬಗೆಯದಾಗಿದ್ದರೆ? ದುಃಖದಲ್ಲಿ ಮುಳುಗಿದ ಪೇತ್ರನಿಗೆ ಮೊದಲು ದರ್ಶನವಾಯಿತು, ಅದು ಇತರರಿಗೂ ಹಬ್ಬಿತು ಎಂದು ಜರ್ಮನಿಯ ಗೆರ್ಡ್ ಲ್ಯೂಡೆಮನ್ ವಾದಿಸಿದ್ದಾರೆ. ಸತ್ತ ಗಂಡನನ್ನು ಹಜಾರದಲ್ಲಿ ಕಂಡೆ ಎನ್ನುವ ಹೆಂಗಸರು ನಮ್ಮ ಬೀದಿಗಳಲ್ಲೂ ಇದ್ದಾರೆ. ಅವರು ಸುಳ್ಳು ಹೇಳುವುದಿಲ್ಲ.

ವಕೀಲರ ಮರುಮಾತು: ಗಂಡನನ್ನು ಕಂಡವಳು ಅವನ ಸಮಾಧಿ ಖಾಲಿಯಾಗಿದೆ ಎನ್ನುವುದಿಲ್ಲ, ಅವನು ಸಾವನ್ನು ಗೆದ್ದನೆಂದು ಊರೂರು ಸುತ್ತಿ ಸಾರುವುದಿಲ್ಲ. ಶತ್ರುವಾಗಿದ್ದ ಪೌಲನಿಗೆ ದುಃಖವೆಲ್ಲಿಂದ ಬಂತು? ಐನೂರು ಜನರ ವಿಷಯದಲ್ಲಿ ಮಾತ್ರ ಅವರ ಕಾಲು ಸಡಿಲವಾಯಿತು. ಎಲ್ಲಿ, ಯಾವಾಗ, ಯಾರು ಎಂಬ ಒಂದು ವಿವರವೂ ಇಲ್ಲ. ಬೇರೆ ಯಾರೂ ಈ ಸಂಗತಿಯನ್ನು ಬರೆದಿಲ್ಲ. ಹೋಗಿ ಕೇಳಿ ಎಂಬ ಸವಾಲು ಅದರಲ್ಲಿದೆ ಎಂದು ವಕೀಲರು ಹೇಳಿದಾಗ, ಗ್ರೀಸಿನ ಕೊರಿಂಥದಿಂದ ಯೆರೂಸಲೇಮಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರ, ಹಡಗು ಹತ್ತಿ ಹೋಗಿ ಕೇಳುವವರು ಯಾರು ಎಂದು ಮೇಷ್ಟ್ರು ಕೇಳಿದರು.

ಹೆಂಗಸರ ಸಾಕ್ಷ್ಯ

ಈವರೆಗೆ ಸುಮ್ಮನಿದ್ದ ಒಬ್ಬ ಪ್ರೌಢಶಾಲಾ ಶಿಕ್ಷಕಿ ಎತ್ತಿದ ಪ್ರಶ್ನೆ ಇಬ್ಬರಿಗೂ ಬಿಸಿ ಮುಟ್ಟಿಸಿತು. ನಾಲ್ಕೂ ಸುವಾರ್ತೆಗಳಲ್ಲಿ ಸಮಾಧಿಗೆ ಮೊದಲು ಹೋದವರು ಹೆಂಗಸರು. ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲೂ ಇದೆ. ಆ ಕಾಲದ ಯೆಹೂದಿ ಸಮಾಜದಲ್ಲಿ ಹೆಂಗಸರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂಬ ಮಾತನ್ನು ಜೋಸೆಫಸ್ ಬರೆದಿದ್ದಾನೆ. ಹಾಗಿದ್ದರೆ ಕಥೆ ಕಟ್ಟುವವನು ಹೆಂಗಸರನ್ನೇ ಏಕೆ ಆರಿಸಿಕೊಂಡಾನು? ಅದು ಮೇಷ್ಟ್ರಿಗೆ ಅವರ ಪ್ರಶ್ನೆ. ವಕೀಲರಿಗೆ ಇನ್ನೂ ತೀಕ್ಷ್ಣವಾಗಿ ಕೇಳಿದರು: “ಸರ್, ನೀವು ಅಷ್ಟು ನೆಚ್ಚಿಕೊಂಡ ಆ ಪಟ್ಟಿಯಲ್ಲಿ ಮರಿಯಳ ಹೆಸರೇಕಿಲ್ಲ?”

ಮೇಷ್ಟ್ರು, ಶವಕ್ಕೆ ಸುಗಂಧ ಹಚ್ಚುವ ಕೆಲಸದ ಸಂದರ್ಭದಲ್ಲಿ ಹೆಂಗಸರು ಕಥೆಯೊಳಗೆ ಸಹಜವಾಗಿಯೇ ಬರುತ್ತಾರೆ ಎಂದರು. ಅದು ಉತ್ತರವೇ, ಆದರೆ ಅರ್ಧ ಉತ್ತರ. ವಕೀಲರು, ಹೊರಗಿನವರ ಮುಂದೆ ಸಾರುವ ಪಟ್ಟಿಯಲ್ಲಿ ಮಾನ್ಯತೆ ಇರುವ ಹೆಸರುಗಳನ್ನು ಮಾತ್ರ ಇಟ್ಟುಕೊಂಡಿರಬಹುದು ಎಂದರು. ಶಿಕ್ಷಕಿ ಪಟ್ಟು ಬಿಡಲಿಲ್ಲ: “ಹಾಗಾದರೆ ಮೊದಲು ಕಂಡವಳನ್ನು ಬಿಟ್ಟು ಉಳಿದವರ ಹೆಸರು ಬರೆದರು ಎಂದಾಯಿತು. ಅದನ್ನೂ ಹಾಳೆಯಲ್ಲಿ ಬರೆಯಿರಿ.” ಹುಡುಗ ಬರೆದ. ನನ್ನ ಮಟ್ಟಿಗೆ ಅಂದಿನ ಅತ್ಯಂತ ನೇರವಾದ ಮಾತು ಅದು. ಎರಡು ಸಾವಿರ ವರ್ಷಗಳ ಈ ಚರ್ಚೆಯಲ್ಲಿ ಮರಿಯಳನ್ನು ಎರಡೂ ಕಡೆಯವರು ಬೇಕಾದಾಗ ಕರೆದು ಬೇಡವಾದಾಗ ಹೊರಗೆ ಕೂರಿಸಿದ್ದಾರೆ.

ಸಮಾಧಿಯ ವಿಚಾರ ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಿಲುಬೆಗೇರಿದವರ ಶವವನ್ನು ರೋಮನ್ನರು ಹೂಳಲು ಬಿಡುತ್ತಿದ್ದರೇ ಎಂಬ ಅನುಮಾನಕ್ಕೆ, 1968ರಲ್ಲಿ ಯೆರೂಸಲೇಮಿನ ಬಳಿ ಅಸ್ಥಿಪೆಟ್ಟಿಗೆಯೊಂದರಲ್ಲಿ ಸಿಕ್ಕ ಯೆಹೋಹಾನಾನ್ ಎಂಬವನ ಹಿಮ್ಮಡಿಯ ಮೂಳೆ ಉತ್ತರವಾಯಿತು. ಅದರಲ್ಲಿ ಮೊಳೆ ಹಾಗೆಯೇ ಇತ್ತು. ಹೂಳಿದ ಉದಾಹರಣೆ ಉಂಟು ಎಂದಷ್ಟೇ ಇದರಿಂದ ತಿಳಿಯುತ್ತದೆ. ಯೇಸುವನ್ನು ಇಟ್ಟರೆನ್ನುವ ಅರಿಮಥಾಯದ ಯೋಸೇಫನ ಸಮಾಧಿ ಖಾಲಿಯಾಗಿತ್ತು ಎಂಬುದಕ್ಕೆ ಸುವಾರ್ತೆಗಳ ಹೊರಗೆ ಸಾಕ್ಷ್ಯವಿಲ್ಲ.

ಒಪ್ಪಂದದ ಬರಹ

ಸಭೆಯ ಕೊನೆಗೆ ಇಬ್ಬರೂ ಸೇರಿ ಹಾಳೆಯ ಕೆಳಗೆ ಬರೆಸಿದ್ದು ಇಷ್ಟು. ಪಿಲಾತನ ಕಾಲದಲ್ಲಿ ಯೇಸುವನ್ನು ಶಿಲುಬೆಗೇರಿಸಿದ್ದು ಖಚಿತ. ಕೆಲವೇ ವರ್ಷಗಳೊಳಗೆ ಪೇತ್ರ, ಯಾಕೋಬ, ಪೌಲ ಮತ್ತು ಇತರರು ಆತನನ್ನು ಜೀವಂತವಾಗಿ ಕಂಡೆವೆಂದು ಮನಸಾರೆ ನಂಬಿದ್ದೂ ಖಚಿತ. ಖಾಲಿ ಸಮಾಧಿಯ ವಿಷಯದಲ್ಲಿ ವಕೀಲರು “ಸಂಭವನೀಯ” ಎಂದರು, ಮೇಷ್ಟ್ರು “ತೀರ್ಮಾನವಾಗಿಲ್ಲ” ಎಂದರು. ಎರಡನ್ನೂ ಅವರವರ ಹೆಸರಿನೊಂದಿಗೆ ದಾಖಲಿಸಲಾಯಿತು. ದೇವರು ಯೇಸುವನ್ನು ಎಬ್ಬಿಸಿದನೇ ಎಂಬ ಪ್ರಶ್ನೆಯ ಮುಂದೆ ಮೇಷ್ಟ್ರು ತಾವೇ ಒಂದು ಸಾಲು ಬರೆದರು: ದೈವದ ಕೆಲಸವನ್ನು ಕಾರಣವಾಗಿ ಬರೆಯದಿರುವುದು ನನ್ನ ಕಸುಬಿನ ನಿಯಮ, ದಾಖಲೆಗಳಿಂದ ನಾನು ಕಂಡುಕೊಂಡ ತೀರ್ಮಾನವಲ್ಲ.

ಈ ಸಾಲನ್ನು ಅವರು ಮೊದಲ ಸಭೆಯ ಆರಂಭದಲ್ಲಿಯೇ ಹೇಳಿದ್ದರೆ ಅಂದಿನ ಕಹಿ ಬಹುಪಾಲು ತಪ್ಪುತ್ತಿತ್ತು. ನಿಯಮವನ್ನು ಫಲಿತಾಂಶದ ವೇಷದಲ್ಲಿ ತೋರಿಸಿದಾಗ ಎದುರಿಗಿರುವ ಭಕ್ತನಿಗೆ ಮೋಸವಾದಂತೆ ಅನಿಸುತ್ತದೆ, ಅನಿಸುವುದು ನ್ಯಾಯವೂ ಹೌದು. ವಕೀಲರ ಕಡೆಗೂ ಇದೇ ಮಾತು ಸಲ್ಲುತ್ತದೆ. ಸಾಕ್ಷ್ಯ ಅವರನ್ನು “ಕಂಡೆವೆಂದು ನಂಬಿದರು” ಎಂಬಲ್ಲಿಯವರೆಗೆ ಗಟ್ಟಿಯಾಗಿ ಕರೆದೊಯ್ಯುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಅವರು ಇಡುವುದು ದೇವರಿದ್ದಾನೆ, ಆತ ಹೀಗೆ ಮಾಡಬಲ್ಲ ಎಂಬ ಭರವಸೆಯಿಂದ. ಪಿಂಖಾಸ್ ಲಾಪಿಡೆ ಎಂಬ ಯೆಹೂದಿ ವಿದ್ವಾಂಸರ ನಿಲುವನ್ನು ಹುಡುಗ ಪ್ರಸ್ತಾಪಿಸಿದಾಗ ಇದು ಎಲ್ಲರಿಗೂ ನಿಚ್ಚಳವಾಯಿತು. ದೇವರು ಯೇಸುವನ್ನು ಎಬ್ಬಿಸಿದ್ದು ಇತಿಹಾಸದಲ್ಲಿ ನಡೆದ ಘಟನೆಯೆಂದು ಅವರು ಒಪ್ಪಿದರು, ಆದರೂ ಯೇಸುವನ್ನು ಇಸ್ರಾಯೇಲು ಎದುರುನೋಡುತ್ತಿದ್ದ ರಕ್ಷಕ ಮೆಸ್ಸೀಯನೆಂದು ಒಪ್ಪಲಿಲ್ಲ, ಯೆಹೂದಿಯಾಗಿಯೇ ಉಳಿದರು.

ಒಂದು ಪ್ರಶ್ನೆ ಮಾತ್ರ ಮುಂದಿನ ಸಭೆಗೆ ಬಾಕಿ ಉಳಿದಿದೆ. ಪೌಲ ಫರಿಸಾಯನಾಗಿ, ಅಂದರೆ ಸತ್ತವರು ದೇಹಸಹಿತ ಏಳುತ್ತಾರೆಂದು ನಂಬುವ ಯೆಹೂದಿ ಪಂಥದಲ್ಲಿ, ಬೆಳೆದವನು. ಫರಿಸಾಯನೊಬ್ಬ “ಹೂಣಿಡಲ್ಪಟ್ಟನು, ಎಬ್ಬಿಸಲ್ಪಟ್ಟನು” ಎಂದು ಒಂದರ ಹಿಂದೆ ಒಂದು ಹೇಳಿದರೆ ಸಮಾಧಿ ಖಾಲಿಯಾಯಿತೆಂದೇ ಅವನ ಅಭಿಪ್ರಾಯ ಎಂಬುದು ವಕೀಲರ ವಾದ. ಅದೇ ಅಧ್ಯಾಯದಲ್ಲಿ ಮುಂದೆ ಪೌಲ ಆತ್ಮಿಕ ದೇಹದ ಮಾತನ್ನು ಆಡುತ್ತಾನೆ, ಅದನ್ನು ಬಿಟ್ಟು ಮೇಲಿನ ಸಾಲನ್ನು ಓದಬೇಡಿ ಎಂಬುದು ಮೇಷ್ಟ್ರ ಆಕ್ಷೇಪ. ಹದಿನೈದನೆಯ ಅಧ್ಯಾಯವನ್ನು ಈ ಸಲ 35ನೇ ವಚನದಿಂದ ಕೊನೆಯವರೆಗೆ ಎಲ್ಲರೂ ಓದಿಕೊಂಡು ಬರಬೇಕೆಂದು ತೀರ್ಮಾನವಾಗಿದೆ. ಓದಿ ವಿವರಿಸುವ ಕೆಲಸವನ್ನು ಮಾವನೂ ಮೇಷ್ಟ್ರೂ ಹುಡುಗನಿಗೇ ವಹಿಸಿದ್ದಾರೆ.